ಕತ್ತರಿಗಿವಿ ಓಡಿದ ಬೆಳಿಗ್ಗೆ

ನನ್ನ ಪರೀಕ್ಷೆಯ ದಿನ ಬೆಳಿಗ್ಗೆ ಐದು ಗಂಟೆಗೇ ಗೈಡುಗಳೆಲ್ಲ ಚಹಾದ ಮಗ್ಗು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಚಹಾ ಕುಡಿಯುವುದಕ್ಕಲ್ಲ, ನನ್ನ ಕಾಲೆಳೆಯುವುದಕ್ಕೆ.

"ಸಿಮಾಲೋಯ್, ಸಿಂಹ ಸಿಕ್ರೆ ಒಗ್ಗರಣೆ ಹಾಕ್ಬೇಡ ಕಣೇ," ಅಂದ ಸಿರೊಂಕಾ. "ಅತಿಥಿಗೆ ಬರೀ ತೋರ್ಸಿದ್ರೆ ಸಾಕು."

"ನಿನ್ನ ನಾಲಿಗೆ ಸಿಕ್ರೆ ಮಾತ್ರ ಹಾಕ್ತೀನಿ. ತುಂಬ ಉದ್ದ ಇದೆ, ಇಡೀ ಕ್ಯಾಂಪಿಗೆ ಆಗುತ್ತೆ," ಅಂದೆ.

ಹನ್ನೊಂದು ವರ್ಷ ಈ ಸಫಾರಿ ಕ್ಯಾಂಪಿನಲ್ಲಿ ಚಪಾತಿ ಲಟ್ಟಿಸಿದ್ದೇನೆ, ಬೀನ್ಸ್ ಬೇಯಿಸಿದ್ದೇನೆ. ಈ ಗಂಡಸರು ಬಾಗಿಲಲ್ಲಿ ನಿಂತು ಜಂಬ ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿಯೇ ಯಾವ ಸಿಂಹಿಣಿ ಯಾವ ಹಳ್ಳದಲ್ಲಿ ಮರಿ ಹಾಕಿದ್ದಾಳೆ, ಯಾವ ಆನೆಗೆ ಯಾವ ಗಾಡಿಯ ಮೇಲೆ ಸಿಟ್ಟು ಅನ್ನುವುದೆಲ್ಲ ಕಲಿತೆ. ನೀರಿನ ಟ್ಯಾಂಕರಿನ ಡ್ರೈವರ್ ಮಲೇರಿಯಾ ಬಂದು ಮಲಗಿದ ತಿಂಗಳು ಟ್ಯಾಂಕರ್ ಓಡಿಸಿದೆ. ಇನ್ನೂರು ಹಕ್ಕಿಗಳ ಹೆಸರು ಬಾಯಿಪಾಠ ಮಾಡಿ ಬರವಣಿಗೆಯ ಪರೀಕ್ಷೆ ಪಾಸು ಮಾಡಿದೆ. ಉಳಿದದ್ದು ಇದೊಂದೇ. ನಿಜವಾದ ಅತಿಥಿಯನ್ನು ಕೂರಿಸಿಕೊಂಡು, ಹಿಂದಿನ ಸೀಟಿನಲ್ಲಿ ಮುಖ್ಯ ಗೈಡನ್ನು ಕೂರಿಸಿಕೊಂಡು, ಒಂದು ಬೆಳಿಗ್ಗೆ ಸಫಾರಿ ಓಡಿಸಿ ತೋರಿಸಬೇಕು. ಜುಲೈಯಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳೂ ಅವನ್ನು ನೋಡುವ ಅತಿಥಿಗಳೂ ಬರುವುದರೊಳಗೆ ಕ್ಯಾಂಪಿಗೆ ಇನ್ನೊಬ್ಬ ಗೈಡು ಬೇಕಾಗಿತ್ತು. ಒಬ್ಬರೇ. ಇವತ್ತು ಗೆದ್ದರೆ ಆ ಜಾಗ ನನ್ನದು, ಇಲ್ಲದಿದ್ದರೆ ಸಿರೊಂಕಾನ ತಮ್ಮನದು. ಅವನಿಗೆ ರಣಹದ್ದಿಗೂ ಕೊಕ್ಕರೆಗೂ ವ್ಯತ್ಯಾಸ ಗೊತ್ತಿಲ್ಲ, ಆದರೆ ಮೀಸೆ ಇದೆ.

ಪರೀಕ್ಷೆ ಮಾಡುವ ಆ ಮುಖ್ಯ ಗೈಡು ಓಲೆ ಕುಯೊನಿ. ಮೂವತ್ತೊಂದು ವರ್ಷದಿಂದ ಈ ಬಯಲಿನಲ್ಲಿ ಗಾಡಿ ಓಡಿಸಿದವರು. ಒಮ್ಮೆ ಆನೆ ಬಂದು ಬಾನೆಟ್ಟಿನ ಮೇಲೆ ದಂತ ಊರಿ ನಿಂತಾಗಲೂ ಅವರು ಕೆಮ್ಮಲಿಲ್ಲವಂತೆ. ಮಾತೂ ಅಷ್ಟೇ, ತೂಕ ಹಾಕಿ ಕೊಟ್ಟಂತೆ. ಗಾಡಿ ಹತ್ತುವಾಗ ತಮ್ಮ ನೀಲಿ ರಟ್ಟಿನ ಪುಸ್ತಕ ತೆರೆದು ನನಗೆ ಹೇಳಿದ್ದು ಇಷ್ಟೇ.

"ಸಣ್ಣಪುಟ್ಟ ತಪ್ಪಿಗೆ ಅಂಕ ಕಳೀತೀನಿ. ಆದ್ರೆ ಬೇಟೆ ನಡೀವಾಗ ನೀನು ತಲೆ ಹಾಕಿದ್ರೆ, ಗಾಡಿ ಅಡ್ಡ ತಂದ್ರೆ, ಸದ್ದು ಮಾಡಿದ್ರೆ, ಅಲ್ಲಿಗೆ ಮುಗೀತು. ಸೀದಾ ಅಡುಗೆಮನೆ."

"ಗೊತ್ತು ಯಜಮಾನ್ರೇ."

"ಗೊತ್ತಿರೋದು ಬೇರೆ," ಅಂದು ಹಿಂದೆ ಹೋಗಿ ಕುಳಿತರು.

ಅತಿಥಿ ಬೀ ರುಕಿಯಾ. ಮೊಂಬಾಸಾದ ಬಂದರಿನಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿ ನಿವೃತ್ತಿಯಾದ ಹೆಂಗಸು. ತಲೆಗೆ ಹೂವಿನ ಬಟ್ಟೆ ಬಿಗಿದು, ತನ್ನ ತೋಳಿಗಿಂತ ಉದ್ದದ ಲೆನ್ಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಕರಿದ ಸಿಹಿರೊಟ್ಟಿ ಮಹಮ್ರಿ ತುಂಬಿದ ಡಬ್ಬಿ. ಬಂದು ನಾಲ್ಕು ದಿನವಾಗಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ ಚಿತ್ರ: ಓಡುವ ಚೀತಾ, ನಾಲ್ಕೂ ಕಾಲು ನೆಲ ಬಿಟ್ಟಿರಬೇಕು. ನಾಲ್ಕು ದಿನದಲ್ಲಿ ಸಿಕ್ಕಿದ್ದು ಒಂದು ಬಾಲ, ಎರಡು ಕುಂಡೆ, ಬೇಕಾದಷ್ಟು ಧೂಳು, ಮತ್ತೆ ಇನ್ಯಾರದೋ ಗಾಡಿಯ ಸ್ಟೆಪ್ನಿ.

"ಮಗಳೇ, ಇವತ್ತು ಕುಂಡೆ ಬೇಡ," ಅಂದಳು ಹತ್ತುತ್ತಲೇ. "ಮುಖ ಬೇಕು. ಕಾಲು ಬೇಕು."

"ಕಾಲೂ ಕೊಡ್ತೀನಿ, ಮುಖಾನೂ ಕೊಡ್ತೀನಿ ಅಮ್ಮ. ನೀವು ಕೈ ಅಲ್ಲಾಡಿಸ್ಬೇಡಿ."

"ನನ್ನ ಕೈಯಾ? ಇಪ್ಪತ್ತಡಿ ಕಂಟೇನರನ್ನ ಮೊಟ್ಟೆ ಇಟ್ಟ ಹಾಗೆ ಇಡ್ತಿದ್ದ ಕೈ ಇದು."

ಸೂರ್ಯ ಹುಟ್ಟುವ ಹೊತ್ತಿಗೆ ನಾವು ಬಯಲಿನ ನಡುವೆ ಇದ್ದೆವು. ಹಿಂದಿನ ದಿನದ ಮಳೆಗೆ ಹುಲ್ಲು ತೊಳೆದಿಟ್ಟಂತಿತ್ತು. ನಾನು ಹುಡುಕುತ್ತಿದ್ದುದು ಕತ್ತರಿಗಿವಿಯನ್ನು. ಎಡಗಿವಿಯ ತುದಿ ಕತ್ತರಿಸಿಹೋಗಿರುವ ಹೆಣ್ಣು ಚೀತಾ ಅದು. ಎರಡು ದಿನದಿಂದ ಅವಳ ಹೊಟ್ಟೆ ಬೆನ್ನಿಗೆ ಹತ್ತಿದೆಯೆಂದು ಅಡುಗೆಮನೆಯ ಬಾಗಿಲಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹಸಿದವಳು ಬೆಳಿಗ್ಗೆಯೇ ಓಡುತ್ತಾಳೆ. ಆರೂ ಮುಕ್ಕಾಲಿಗೆ ಅವಳು ಕಂಡಳು. ಒಂದು ಹುತ್ತದ ಮೇಲೆ ನೆಟ್ಟಗೆ ಕುಳಿತು, ದೂರದ ಜಿಂಕೆ ಹಿಂಡನ್ನು ನೋಡುತ್ತಿದ್ದಳು.

ಬೀ ರುಕಿಯಾ ಆಗಲೇ ಗಾಡಿಯ ತೆರೆದ ಪಕ್ಕದಲ್ಲಿ ಮಂಡಿಯೂರಿ, ಮರಳಿನ ಚೀಲದ ಮೇಲೆ ಲೆನ್ಸು ಇಟ್ಟಾಗಿತ್ತು. "ಹತ್ರ ಹೋಗು, ಇನ್ನೂ ಹತ್ರ."

"ಹತ್ರ ಹೋದ್ರೆ ಮೀಸೆ ಸಿಗುತ್ತೆ, ಓಟ ಸಿಗಲ್ಲ."

ನಾನು ಚೀತಾವನ್ನು ಬಿಟ್ಟು ಜಿಂಕೆಗಳನ್ನು ನೋಡಿದೆ. ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಟ್ಟಿಸಿಕೊಂಡು ಹೋಗುವ ಪ್ರಾಣಿಯಿಂದ ತಿಳಿಯುವುದಿಲ್ಲ, ಓಡಿಹೋಗುವ ಪ್ರಾಣಿಯಿಂದ ತಿಳಿಯುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಏಳು ವರ್ಷದವಳಿದ್ದಾಗಿನಿಂದ ಅಪ್ಪನ ಕುರಿಮರಿಗಳನ್ನು ಕಾದಿದ್ದೇನೆ. ಬಲಕ್ಕೆ ಕಪ್ಪು ಮಣ್ಣು, ಮಳೆಗೆ ಮೆತ್ತಗಾಗಿದೆ, ಬುದ್ಧಿಯಿರುವ ಯಾವ ಜಿಂಕೆಯೂ ಅತ್ತ ಓಡುವುದಿಲ್ಲ. ಎದುರಿಗೆ ಚೀತಾ. ಹಿಂದೆ ಹಳ್ಳ. ಉಳಿದದ್ದು ಎಡಕ್ಕಿರುವ ಗಟ್ಟಿ ನೆಲ. ಸುತ್ತು ಹಾಕಿಕೊಂಡು ಹೋಗಿ ಆ ಗಟ್ಟಿ ನೆಲದ ಅಂಚಿನಲ್ಲಿ, ಸೂರ್ಯ ನಮ್ಮ ಬೆನ್ನಿಗೆ ಬರುವ ಹಾಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಚೀತಾ ಅಲ್ಲಿಂದ ಇನ್ನೂರೈವತ್ತು ಗಜ ದೂರ.

"ಇಷ್ಟು ದೂರಾನಾ?" ಅಂದಳು ಬೀ ರುಕಿಯಾ. "ಇಲ್ಲೇನಿದೆ? ಹುಲ್ಲಿದೆ."

"ಈಗ ಹುಲ್ಲಿದೆ."

ಹಿಂದಿನಿಂದ ಪೆನ್ನಿನ ಪರಪರ ಕೇಳಿತು. ನನ್ನ ಕತ್ತಿನ ಹಿಂದೆ ಇರುವೆ ಹರಿದ ಹಾಗಾಯಿತು.

ಒಂದು ಗಂಟೆ ಏನೂ ಆಗಲಿಲ್ಲ. ಮಹಮ್ರಿ ತಿಂದೆವು. ಫ್ಲಾಸ್ಕಿನಿಂದ ಚಹಾ ಹಾಕಿಕೊಟ್ಟೆ, ನಾನೂ ಒಂದು ಎನಾಮೆಲ್ ಮಗ್ಗು ತುಂಬಿಸಿಕೊಂಡೆ. ಬಹಳ ದೂರದಲ್ಲಿ, ಹಳ್ಳದ ಆಚೆ, ಮೊರೊಂಪಿ ಅಜ್ಜನ ಕುರಿಗಳು ಬಿಳಿ ಚುಕ್ಕೆಗಳಂತೆ ಮೇಯುತ್ತಿದ್ದವು. ಈ ವಾರ ಆ ಕಡೆಯ ಹುಲ್ಲು ಕುರಿಗಳ ಪಾಲಿನದು. ಬೀ ರುಕಿಯಾ ಮೂರು ಸಲ ಮಂಡಿ ನೋವೆಂದಳು, ಎರಡು ಸಲ ನನ್ನ ಮೇಲೆ ನಂಬಿಕೆ ಇದೆಯೆಂದಳು, ಒಂದು ಸಲ ಇಲ್ಲವೆಂದಳು.

ಆಮೇಲೆ ಕತ್ತರಿಗಿವಿ ಹುತ್ತದಿಂದ ಇಳಿದಳು. ತಲೆ ತಗ್ಗಿಸಿ, ಭುಜದ ಮೂಳೆಗಳು ಒಂದಾದ ಮೇಲೊಂದು ಏಳುತ್ತ, ನೆಲಕ್ಕೆ ಎಣ್ಣೆ ಸವರಿದ ಹಾಗೆ ಮುಂದೆ ಬಂದಳು. ಜಿಂಕೆಗಳು ತಲೆಯೆತ್ತಿದರೆ ನಿಲ್ಲುತ್ತಾಳೆ, ತಲೆ ತಗ್ಗಿಸಿದರೆ ಬರುತ್ತಾಳೆ. ನಾನು ಮಗ್ಗಿನ ಚಹಾ ಕುಡಿಯುವುದನ್ನೇ ಮರೆತು ಕೈಯಲ್ಲಿ ಹಿಡಿದುಕೊಂಡಿದ್ದೆ.

"ಅಮ್ಮ, ಅವಳನ್ನ ನೋಡ್ಬೇಡಿ," ಎಂದು ಪಿಸುಗುಟ್ಟಿದೆ. "ಅಲ್ಲಿ ಒಂಟಿ ಕಲ್ಲು ಕಾಣುತ್ತಲ್ಲ, ಅದರ ಎಡಕ್ಕೆ ಹಿಡೀರಿ. ಅಲ್ಲೇ ಹಿಡ್ಕೊಂಡಿರಿ."

"ಅಲ್ಲಿ ಏನೂ ಇಲ್ವಲ್ಲೇ."

"ಬರುತ್ತೆ."

ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಹಿಂಡು ಒಡೆಯಿತು, ಒಂದು ಎಳೆಯ ಜಿಂಕೆ ಹಿಂಡು ಬಿಟ್ಟು ಗಟ್ಟಿ ನೆಲಕ್ಕೆ ಬಿದ್ದು ಸೀದಾ ನಮ್ಮ ಕಡೆಗೇ ಓಡಿ ಬಂತು. ಅದರ ಹಿಂದೆ ಕತ್ತರಿಗಿವಿ. ಅದನ್ನು ಓಟ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ, ಓಟವನ್ನು ನಾನು ಕಂಡಿದ್ದೇನೆ. ಅವಳ ಮೈಯೆಲ್ಲ ಬೆನ್ನುಮೂಳೆಯೊಂದೇ ಆಗಿ ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ, ಪ್ರತಿ ಸಲ ಬಿಚ್ಚಿದಾಗಲೂ ನಮ್ಮ ನಡುವಿನ ಬಯಲು ಮುಕ್ಕಾಲಾಗಿ, ಅರ್ಧವಾಗಿ, ಕಾಲಾಗಿ ಹೋಯಿತು. ನನಗೆ ಕುಣಿಯಬೇಕೆನಿಸಿತು. ನಾನು ಹೇಳಿದ ಕಲ್ಲು, ನಾನು ಹೇಳಿದ ಎಡ, ನಾನು ಹೇಳಿದ ಬೆಳಕು. ಬೀ ರುಕಿಯಾಳ ಕ್ಯಾಮೆರಾ ಟಕಟಕಟಕ ಅನ್ನುತ್ತಿತ್ತು. ನೋಡು ಸಿರೊಂಕಾ, ಈರುಳ್ಳಿ ಹೆಚ್ಚುವವಳು ನಿಲ್ಲಿಸಿದ ಜಾಗ ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಗ ಒಂಟಿ ಕಲ್ಲಿನ ಹತ್ತಿರ ಹುಲ್ಲಿನೊಳಗಿಂದ ಏನೋ ಎದ್ದು ನಿಂತಿತು. ಬಿಳಿ ಮೈ, ಕಂದು ತಲೆ, ನೆಟ್ಟಗೆ ನಿಲ್ಲಲೂ ಬಾರದ ಕಾಲು. ಕುರಿಮರಿ. ಅಜ್ಜನ ಹಿಂಡಿನಿಂದ ತಪ್ಪಿಸಿಕೊಂಡು ಬಂದು, ಯಾವ ಹೊತ್ತಿನಿಂದಲೋ ಅಲ್ಲಿ ಮಲಗಿ ನಿದ್ದೆ ಮಾಡಿದ್ದು, ಸದ್ದಿಗೆ ಎಚ್ಚರವಾಗಿ ಎದ್ದು "ಮ್ಯಾ" ಅಂದಿತು. ಜಿಂಕೆ ಅದನ್ನು ಹಾರಿಕೊಂಡು ಹೋಯಿತು. ಕತ್ತರಿಗಿವಿಗೂ ಲೆಕ್ಕ ಬರುತ್ತದೆ. ಓಡುವ ಊಟಕ್ಕಿಂತ ನಿಂತ ಊಟ ಸುಲಭ. ಅವಳು ಕುರಿಮರಿಯ ಕಡೆಗೆ ತಿರುಗಿದಳು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಹೊಟ್ಟೆಯ ತಳದಿಂದ ಅಪ್ಪನ ಕೂಗು, ಅಜ್ಜಿಯ ಕೂಗು, ಸಿಂಹ ಬಂದಾಗ ನಮ್ಮವರು ಕೂಗುವ ಆ ಕೂಗು ಬಂದು ಬಾಯಿಂದ ಹೊರಬಿತ್ತು. "ಹೋಓಓಓಯ್." ಕೈ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅದೂ ತನ್ನ ಪಾಡಿಗೆ ಮೇಲೆದ್ದು, ದೊಣ್ಣೆ ಎಸೆಯುವ ಹಾಗೆ ಚಹಾದ ಮಗ್ಗನ್ನು ಬೀಸಿ ಎಸೆಯಿತು. ಮಗ್ಗು ಚಹಾ ಚೆಲ್ಲಿಕೊಂಡು ಬಿಸಿಲಲ್ಲಿ ಮಿಂಚುತ್ತ ಹೋಗಿ ಕಲ್ಲಿಗೆ ಠಣ್ ಎಂದು ಬಡಿಯಿತು.

ಕತ್ತರಿಗಿವಿ ಗಾಳಿಯಲ್ಲೇ ಹೊರಳಿದಳು. ನಾಲ್ಕು ಕಾಲೂ ಮೇಲಿದ್ದಾಗಲೇ ಮೈಯನ್ನು ತಿರುಚಿ, ಬಾಲವನ್ನು ಚಾಟಿಯಂತೆ ಬೀಸಿ, ನಮ್ಮತ್ತ ನೋಡಿದಳು. ನೆಲಕ್ಕೆ ಬಿದ್ದು ಹತ್ತು ಹೆಜ್ಜೆ ಜಾರಿ ನಿಂತಳು. ಏದುಸಿರು ಬಿಡುತ್ತ, ಮದುವೆ ಮನೆಯಲ್ಲಿ ಊಟದ ಮುಂದಿನಿಂದ ಎಬ್ಬಿಸಿಕೊಂಡವರ ಮುಖ ಮಾಡಿ ನನ್ನನ್ನೇ ದಿಟ್ಟಿಸಿ, ಬೆನ್ನು ತಿರುಗಿಸಿ ಹೊರಟುಹೋದಳು. ಕುರಿಮರಿ ಮ್ಯಾ ಮ್ಯಾ ಎನ್ನುತ್ತ ಹಳ್ಳದ ಕಡೆಗೆ ಓಡಿತು.

ಹಿಂದಿನ ಸೀಟಿನಿಂದ ಪೆನ್ನಿನ ಪರಪರ ಕೇಳಿಬಂತು. ಅದು ಬಹಳ ಹೊತ್ತು ಬರೆಯಿತು. ನಾನು ತಿರುಗಿ ನೋಡಲಿಲ್ಲ. ಸೀದಾ ಅಡುಗೆಮನೆ ಅಂದಿದ್ದರಲ್ಲ, ನನ್ನ ಕಣ್ಣ ಮುಂದೆ ಆಗಲೇ ಈರುಳ್ಳಿಯ ಮೂಟೆ ಬಂದು ಕುಳಿತಿತ್ತು. ಹನ್ನೊಂದು ವರ್ಷ ಕಾದದ್ದನ್ನು ಒಂದು ಕೂಗಿನಲ್ಲಿ ಕಳೆದುಕೊಂಡೆನಲ್ಲ ಎಂದು ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ನನ್ನ ಬಾಯಿಯ ಮೇಲೆ, ಆ ಕುರಿಮರಿಯ ಮೇಲೆ, ಅದನ್ನು ಹೆತ್ತ ಕುರಿಯ ಮೇಲೆ.

"ಏನದು ಕಿರುಚಾಟ?" ಅಂದಳು ಬೀ ರುಕಿಯಾ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಎರಡೂ ಕಿವಿ ಗುಂಯ್ ಅಂತಿದೆ. ತಾಳು, ತಾಳು, ಇದು ಬೇಡ, ಇದೂ ಬೇಡ..." ಬೆರಳು ಗುಂಡಿ ಒತ್ತುತ್ತಲೇ ಇತ್ತು. ಆಮೇಲೆ ನಿಂತಿತು. "ಅಯ್ಯೋ ನನ್ನ ದೇವರೇ. ಮಗಳೇ, ಬಾ ಇಲ್ಲಿ."

ನೋಡಿದೆ. ಪುಟ್ಟ ಪರದೆಯ ತುಂಬ ಕತ್ತರಿಗಿವಿ. ಕೆಳಗೆ ನೆಲವೆಲ್ಲೋ, ಅವಳೆಲ್ಲೋ. ನಾಲ್ಕೂ ಕಾಲು ಗಾಳಿಯಲ್ಲಿ, ಮೈ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು, ಮುಖ ಸೀದಾ ನಮ್ಮ ಕಡೆಗೆ. ತುದಿಯಿಲ್ಲದ ಕಿವಿಯ ಕೂದಲು ಕೂಡ ಬೆಳಕಲ್ಲಿ ಒಂದೊಂದಾಗಿ ಕಾಣುತ್ತಿತ್ತು. ಮೂಲೆಯಲ್ಲಿ ಮಸುಕಾಗಿ, ಕಲ್ಲಿಗೆ ಬಡಿದು ಚಿಮ್ಮಿದ ಮಗ್ಗು.

"ನಾಲ್ಕೂ ಕಾಲು," ಅಂದಳು ಬೀ ರುಕಿಯಾ. ಇಪ್ಪತ್ತಾರು ವರ್ಷ ಅಲ್ಲಾಡದ ಕೈ ಈಗ ಗಡಗಡ ನಡುಗುತ್ತಿತ್ತು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಟ್ಟಳು. "ಮುಖಾನೂ ಕೊಟ್ಟೆ, ಕಾಲೂ ಕೊಟ್ಟೆ. ಮಗ್ಗು ಮಾತ್ರ ನಾನು ಕೇಳಿರ್ಲಿಲ್ಲ."

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಜೀವಮಾನದಲ್ಲಿ ನಾನು ಒಬ್ಬರಿಗೆ ಕೊಡಿಸಿದ ಮೊದಲ ಚಿತ್ರ, ಬಹುಶಃ ಕೊನೆಯದೂ.

"ಸಿಮಾಲೋಯ್," ಎಂದರು ಹಿಂದಿನಿಂದ ಕುಯೊನಿ. "ಕ್ಯಾಂಪಿನ ಮಗ್ಗು ಬಯಲಲ್ಲಿ ಬಿಟ್ಟು ಹೋಗೋ ಹಾಗಿಲ್ಲ."

ಅವರ ಮುಖ ಎಂದಿನಂತೆ ಮುಚ್ಚಿದ ಬಾಗಿಲು. ಸುತ್ತಲೂ ನೋಡಿ, ಕತ್ತರಿಗಿವಿ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಗಾಡಿಯಿಂದ ಇಳಿದು ಕಲ್ಲಿನ ಬಳಿಗೆ ನಡೆದೆ. ಮಗ್ಗಿನ ಎನಾಮೆಲ್ ಒಂದು ಕಡೆ ಎದ್ದುಹೋಗಿತ್ತು. ಅದನ್ನು ಎತ್ತಿಕೊಂಡು ತಿರುಗುವಷ್ಟರಲ್ಲಿ ಹಳ್ಳ ಏರಿ ಮೊರೊಂಪಿ ಅಜ್ಜ ಬರುತ್ತಿದ್ದ. ಕೆಂಪು ಹೊದಿಕೆ, ಕಂಕುಳಲ್ಲಿ ಕುರಿಮರಿ, ಕೈಯಲ್ಲಿ ಕೋಲು. ಎಂಬತ್ತು ದಾಟಿದ ಮುದುಕ, ನಮ್ಮ ಅಪ್ಪನಿಗೂ ಹಿರಿಯ. ನಾನು ತಲೆ ಬಗ್ಗಿಸಿದೆ. ಅವನು ನೆತ್ತಿ ಮುಟ್ಟಿದ, ಆಶೀರ್ವಾದಕ್ಕಲ್ಲ, ಬರೀ ನಮಸ್ಕಾರಕ್ಕೆ.

ನನ್ನನ್ನು ಹಿಂಬಾಲಿಸಿ ಗಾಡಿಯವರೆಗೂ ಬಂದು, ಕೋಲೂರಿ ನಿಂತು ಕೇಳಿದ. "ಕೂಗಿದ್ದು ಯಾರು?"

"ನಾನು ಅಜ್ಜ."

"ಯಾರ ಮಗಳು ನೀನು?"

"ನಾನು ನಾಂಕಾಸ್ಯನ ಮಗಳು. ಸಿಮಾಲೋಯ್."

"ಹೂಂ. ನಿಮ್ಮಪ್ಪನೂ ಹಾಗೇ ಕೂಗ್ತಿದ್ದ, ನಾಲ್ಕು ಬೆಟ್ಟದಾಚೆ ಕೇಳೋ ಹಾಗೆ." ಮಂಜು ಕವಿದ ಕಣ್ಣನ್ನು ಗಾಡಿಯ ಕಡೆಗೆ ತಿರುಗಿಸಿದ. "ಇನ್ನೊಬ್ರು ಯಾರು?"

"ಇನ್ಯಾರೂ ಇಲ್ಲ ಅಜ್ಜ. ನಾನೊಬ್ಳೇ."

"ನನಗೆ ಹೋಗಿರೋದು ಕಣ್ಣು, ಕಿವಿ ಅಲ್ಲ ಕಣೇ. ಮೊದ್ಲು ಗಂಡು ದನಿ, ಆಮೇಲೆ ಹೆಣ್ಣು ದನಿ. ಎರಡು ಕೂಗು. ನನ್ನ ಮರಿ ಉಳ್ಸಿದೋರಿಗೆ ಹರಸ್ಬೇಕು ಅಂತ ಹಳ್ಳ ಹತ್ತಿ ಬಂದಿದ್ದೀನಿ. ಒಬ್ರನ್ನ ಬಿಟ್ಟು ಹೋದ್ರೆ ಆಗಲ್ಲ. ಬನ್ನಿ, ಯಾರದು?"

ನಾನು ತಬ್ಬಿಬ್ಬಾದೆ. ಗಾಡಿಯಲ್ಲಿ ಇದ್ದ ಗಂಡು ಒಬ್ಬರೇ. ತಿರುಗಿ ನೋಡಿದೆ. ಕುಯೊನಿ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತ ಕುಳಿತಿದ್ದರು. ಪುಸ್ತಕ ತಲೆಕೆಳಗಾಗಿತ್ತು.

ಆಮೇಲೆ ಅವರು ಪುಸ್ತಕ ಮಡಿಚಿದರು. ನಿಧಾನವಾಗಿ ಇಳಿದರು. ಮೂವತ್ತೊಂದು ವರ್ಷದ ಟೋಪಿಯನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಪಕ್ಕದಲ್ಲಿ ಬಂದು ನಿಂತು, ನರೆತ ತಲೆಯನ್ನು ಮುದುಕನ ಮುಂದೆ ಬಗ್ಗಿಸಿದರು.

ಬೀ ರುಕಿಯಾ ಬಾಯಿ ತೆರೆದು ನೋಡುತ್ತಿದ್ದಳು. "ಅದಕ್ಕೇ," ಅಂದಳು. "ಅದಕ್ಕೇ ಎರಡು ಕಿವಿ."

ಅಜ್ಜ ಮೊದಲು ಕುಯೊನಿಯ ನೆತ್ತಿಯ ಮೇಲೆ, ಆಮೇಲೆ ನನ್ನ ನೆತ್ತಿಯ ಮೇಲೆ ನಮ್ಮಲ್ಲಿ ಹಿರಿಯರು ಮಾಡುವ ಹಾಗೆ ತೂ ತೂ ಎಂದು ಹನಿ ಉಗುಳಿ ಹರಸಿದ. ನಿಮ್ಮ ದನ ಹೆಚ್ಚಲಿ, ಮಕ್ಕಳು ಹೆಚ್ಚಲಿ, ದನಿ ಬೀಳದಿರಲಿ ಅಂದ. ಕುರಿಮರಿಯನ್ನು ಹೆಗಲಿಗೆ ಹಾಕಿಕೊಂಡು, ಅದಕ್ಕೆ ಬಯ್ಯುತ್ತ, ಬಂದ ದಾರಿ ಹಿಡಿದು ಹೋದ. ನಾನು ನೆತ್ತಿಯ ಮೇಲಿನ ತಂಪನ್ನು ಒರೆಸಿಕೊಳ್ಳಲಿಲ್ಲ. ಕುಯೊನಿಯೂ ಒರೆಸಿಕೊಳ್ಳಲಿಲ್ಲ.

ಕ್ಯಾಂಪಿನ ದಾರಿಯಲ್ಲಿ ಬೀ ರುಕಿಯಾ ಆಗಾಗ ಪರದೆ ನೋಡಿ ಕಿಸಕ್ಕೆಂದು ನಗುತ್ತಿದ್ದಳು. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ.

"ಯಜಮಾನ್ರೇ, ಅಷ್ಟುದ್ದ ಏನ್ ಬರೆದ್ರಿ?"

ಅವರು ಓದಿದರು, ಈ ಸಲ ಪುಸ್ತಕ ನೆಟ್ಟಗಿತ್ತು. "ಗಾಡಿ ನಿಲ್ಲಿಸಿದ ಜಾಗಕ್ಕೆ ಪೂರ್ತಿ ಅಂಕ. ಬೆಳಕಿಗೆ ಪೂರ್ತಿ ಅಂಕ. ತಾಳ್ಮೆಗೆ ಪೂರ್ತಿ ಅಂಕ. ಬೇಟೆಗೆ ಅಡ್ಡಿ ಆಯಿತು. ಮೊದಲು ಕೂಗಿದ್ದು ಪರೀಕ್ಷೆ ಮಾಡುವವನು, ಆಮೇಲೆ ಪರೀಕ್ಷೆ ಕೊಡುವವಳು. ಮಗ್ಗು ಎಸೆದದ್ದು ಪರೀಕ್ಷೆ ಕೊಡುವವಳು ಒಬ್ಬಳೇ."

ಅಜ್ಜ ಬರುವ ಮೊದಲೇ ಅವರು ಅದನ್ನು ಬರೆದಿದ್ದರು.

"ಒಂದು ಕೇಳ್ತೀನಿ, ನೆಟ್ಟಗೆ ಹೇಳು," ಅಂದರು. "ನಾಳೆ ಮತ್ತೆ ಹಂಗೇ ಆದ್ರೆ?"

ಇನ್ನು ಮೇಲೆ ಬಾಯಿ ಬಿಡುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳು ಹೇಳಿ ಗೆದ್ದರೆ ಆ ಸೀಟಿನಲ್ಲಿ ದಿನವೂ ಕೂರಬೇಕಾದವಳು ನಾನೇ ತಾನೇ.

"ಜಿಂಕೆ ಮರಿ ಆದ್ರೆ ಬಾಯಿ ಕಟ್ಕೊಂಡು ಕೂತಿರ್ತೀನಿ," ಅಂದೆ. "ಕುರಿಮರಿ ಆದ್ರೆ ಕೂಗ್ತೀನಿ."

ಹಿಂದೆ ಪೆನ್ನು ಒಂದು ಸಾಲು ಬರೆದು ನಿಂತಿತು. ಪುಸ್ತಕ ಮುಚ್ಚಿದ ಸದ್ದು ಕೇಳಿತು.

"ನಾಳೆ ಬೆಳಿಗ್ಗೆ ಐದೂವರೆಗೆ ಈ ಅಮ್ಮನ್ನ ನೀನೇ ಕರ್ಕೊಂಡು ಹೋಗು. ಚಪಾತಿಗೆ ಬೇರೆಯವ್ರನ್ನ ನೋಡಿದ್ದಾಯ್ತು."

ಬೀ ರುಕಿಯಾ ಡಬ್ಬಿ ಬಡಿದು ಸಂಭ್ರಮಪಟ್ಟಳು. ನಾನು ಕೇಳಿದೆ.

"ಹಿಂದಿನ ಸೀಟಲ್ಲಿ ನೀವು ಬರಲ್ವಾ?"

"ನಾನು ಬರಲ್ಲಮ್ಮ," ಅಂದರು ಕುಯೊನಿ. "ಬಂದ್ರೆ ಮತ್ತೆ ಕೂಗ್ಬಿಡ್ತೀನಿ."